ಬಿಚ್ಚಿಟ್ಟ ಎಂಜಿನ್ನಿನ ಸದ್ದು

ನಾನು ಇಂತದ್ನೆಲ್ಲ ನಂಬ್ತಿರ್ನಿಲ್ಲ. ಯಾರಾದ್ರೂ ಹುಣಸೆಮರದ ಹತ್ರ ಏನೋ ಕಂಡೆ ಅಂದ್ರೆ, ಅದಕ್ಕೆ ಮುಂಚೆ ಏನು ಕುಡ್ದಿದ್ದೆ ಅಂತ ಕೇಳ್ತಿದ್ದೆ. ನಮ್ಮವ್ವ ಪೂರಿಗಾಲಿಯೋಳು. ಅವಳ ಹತ್ರ ಇಂತ ಕತೆ ಒಂದು ಮೂಟೆ ಇದ್ವು. ಸತ್ತೋದ ಎತ್ತು ಸಂಜೆ ಹೊತ್ಗೆ ಕೊಟ್ಟಿಗೆಗೆ ಬಂದು ನಿಂತ್ಕತಿತ್ತಂತೆ, ಗೊಂತಿಗೆ ಹಾಕಿದ್ದ ಹುಲ್ಲು ಬೆಳಗಾಗೋದ್ರೊಳಗೆ ಖಾಲಿ ಆಗ್ತಿತ್ತಂತೆ. "ಅವ್ವಾ, ಮೊದ್ಲು ಮುದ್ದೆ ಇಕ್ಕು, ಎತ್ತು ಆಮೇಲೆ ಬರ್ಲಿ" ಅಂತಿದ್ದೆ. ಅವ್ವ ಬಯ್ಕಂಡು ಇಕ್ಕೋಳು.

ನಾನು ಓದಿರೋದು ನಾಲ್ಕನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಅದ್ಕೇ ಇದ್ನ ನಾನು ಮಾತಾಡೋ ತರಾನೇ ಬರೀತಾ ಇದೀನಿ. ಬಣ್ಣ ಹಚ್ಚೋಕೆ ಬರಲ್ಲ, ಬಂದಿದ್ರೂ ಹಚ್ತಿರ್ನಿಲ್ಲ. ಕತ್ಲೆ, ಗೆಜ್ಜೆ ಸದ್ದು, ಬಿಳಿ ಸೀರೆ ಏನೂ ಇಲ್ಲ ಇದ್ರಲ್ಲಿ. ಹಾಡೇ ಹಗಲು ನಡೆದದ್ದು. ನಾನೇ ಅಲ್ಲಿದ್ದೆ. ಅದೇ ತೊಂದರೆ ಆಗಿರೋದು. ಬೇರೆ ಯಾರಾದ್ರೂ ಹೇಳಿದ್ರೆ ಸುಳ್ಳು ಅಂದು ಎದ್ದೋಗ್ಬೋದಿತ್ತು.

ಆಗ ಯುದ್ಧ ನಡೀತಿತ್ತು. ನಾನು ಯಲಿಯೂರಿನ ಹತ್ರ ಸಿದ್ದೇಗೌಡ್ರ ಆಲೆಮನೇಲಿ ಎಂಜಿನ್ ನೋಡ್ಕಳೋ ಕೆಲಸದಲ್ಲಿದ್ದೆ. ಸುತ್ತ ಎಲ್ಲಾ ಕಡೆ ಆಗಿನ್ನೂ ಎತ್ತು ತಿರುಗ್ಸೋ ಗಾಣ. ನಮ್ಮ ಗೌಡ್ರು ಮಾತ್ರ ಎಣ್ಣೆ ಎಂಜಿನ್ ತಂದು ಗಾಣಕ್ಕೆ ಬೆಲ್ಟು ಹಾಕ್ಸಿದ್ರು. ಯಾವ್ದೋ ಅಕ್ಕಿ ಮಿಲ್ಲಿನಲ್ಲಿ ತೇದು ತೇದು ಸಾಕಾಗಿ ಮಾರಿದ್ದು. ಅದರ ತಲೇನ ಲ್ಯಾಂಪಿನ ಬೆಂಕೀಲಿ ಕೆಂಪಗೆ ಕಾಯಿಸಿ, ದೊಡ್ಡ ಚಕ್ರಾನ ಇಬ್ರು ಹಿಡ್ದು ತಿರುಗಿಸಿದ್ರೆ, ಅದಕ್ಕೆ ಮನಸ್ಸು ಬಂದ್ರೆ ಹತ್ಕತಿತ್ತು. ಹತ್ಕಂಡ ಮೇಲೂ ಕುಂಟೋದು. ಡುಗ್ ಡುಗ್ ಡುಗ್ ಅಂದು ಒಂದು ಏಟು ನುಂಗ್ಕಳೋದು. ಮತ್ತೆ ಡುಗ್ ಡುಗ್ ಡುಗ್, ಮತ್ತೆ ನುಂಗ್ಕಳೋದು. ಮೈಲಿ ದೂರಕ್ಕೆ ಕೇಳೋದು. ಸಣ್ಣ ಮಕ್ಳೆಲ್ಲ ಬೀದೀಲಿ ಆ ಸದ್ದು ಮಾಡ್ಕಂಡು ಕುಂಟ್ತಾ ಆಟ ಆಡೋವು.

ಇಲ್ಲಿ ಒಂದು ಮಾತು ತಿಳ್ಕಳಿ. ಕಬ್ಬು ಅನ್ನೋದು ಕಡಿದ ಮೇಲೆ ಕಾಯಲ್ಲ. ಬಿಸಿಲು ಕಾಲದಲ್ಲಿ ಒಂದಿನ ತಡ್ಕತದೆ. ಎರಡನೇ ದಿನಕ್ಕೆ ಅದರ ಹಾಲು, ಅಂದ್ರೆ ರಸ, ಹುಳಿಯಾಗ್ತದೆ. ಆ ಹಾಲು ಎಷ್ಟು ಕಾಯಿಸಿದ್ರೂ ಬೆಲ್ಲ ಗಟ್ಟಿಯಾಗಲ್ಲ, ಅಚ್ಚಲ್ಲಿ ಗೋಂದು ಗೋಂದಾಗಿ ಕುಂತ್ಕತದೆ. ಅದ್ಕೇ ನಮ್ಮ ಕಡೆ ಸರದಿ. ಇವತ್ತು ಇವ್ರ ಕಬ್ಬು, ಅದಾದ್ಮೇಲೆ ಅವ್ರದ್ದು. ಎಂಜಿನ್ ಕೆಟ್ಟು ನಿಂತ್ರೆ, ಮುಂದಿನ ಸರದಿಯೋರು ಎಂಜಿನ್ ಸದ್ದು ಕೇಳೋವರ್ಗೂ ಕತ್ತಿ ಮುಟ್ತಿರ್ನಿಲ್ಲ. ಯಾರೂ ಆಳು ಕಳಿಸಿ ಕೇಳ್ತಿರ್ನಿಲ್ಲ, ನಾವೂ ಹೇಳಿ ಕಳಿಸ್ತಿರ್ನಿಲ್ಲ. ಸದ್ದು ಬಂತಾ, ಕಡಿ. ಬರ್ನಿಲ್ವಾ, ಕುಂತ್ಕ. ಅಷ್ಟೆ.

ಆ ವರ್ಷ ಸುಗ್ಗಿ ಮಧ್ಯದಲ್ಲೇ ಎಂಜಿನ್ನಿಗೆ ಹೊಸ ತಲೆ, ಹೊಸ ಪಿಸ್ಟನ್ನು ಬಂದ್ವು. ಗೌಡ್ರು ಎಂದೋ ಹೇಳಿ ಕಳಿಸಿದ್ದು, ಯುದ್ಧದ ದೆಸೆಯಿಂದ ಬರೋದು ತಡ ಆಗಿತ್ತು. ಮಂಡ್ಯ ರೈಲ್ವೆ ಸ್ಟೇಷನ್ನಿನಿಂದ ಗಾಡೀಲಿ ಹೇರ್ಕಂಡು ಬಂದ್ವಿ. ಹಾಕೋಕೆ ಮದ್ದೂರಿನಿಂದ ಚನ್ನಪ್ಪ ಮೇಸ್ತ್ರಿ ಬಂದ್ರು. ವಯಸ್ಸಾದೋರು, ಮಾತು ಕಮ್ಮಿ, ಬೀಡಿ ಜಾಸ್ತಿ.

"ಎಸ್ಟು ದಿನ ನಿಲ್ಲುಸ್ಬೇಕು ಮೇಸ್ತ್ರಿ?" ಅಂತ ಗೌಡ್ರು ಕೇಳಿದ್ರು.

ಮೇಸ್ತ್ರಿ ಎಂಜಿನ್ ಸುತ್ತ ಒಂದು ಸುತ್ತು ಬಂದ್ರು. "ಮೂರು ದಿನ."

"ಎರಡು ಸಾಕು" ಅಂದೆ ನಾನು.

"ನೀನು ಬಿಚ್ಚಿದ್ದೀಯೇನ್ಲಾ ಯಾವತ್ತಾದ್ರೂ?"

"ಇಲ್ಲ."

"ಅದ್ಕೇ ಎರಡು ಅಂತೀಯ."

ಗೌಡ್ರು ಊರೋರಿಗೆ ಐದು ದಿನ ಅಂದ್ರು. ಯಾಕೆ ಗೌಡ್ರೇ ಅಂದ್ರೆ, "ಮೂರು ಅಂತ ಏಳಿ ನಾಕಾದ್ರೆ ನನ್ನ ಮುಖಕ್ಕೆ ಉಗೀತಾರೆ. ಐದು ಅಂತ ಏಳಿ ನಾಕಾದ್ರೆ ಕೈ ಮುಗೀತಾರೆ" ಅಂದ್ರು. ಊರೋರು ಅದಕ್ಕಿಂತ ಬುದ್ಧಿವಂತ್ರು. ಗೌಡ್ರು ಐದು ಅಂದವ್ರೆ ಅಂದ್ರೆ ವಾರ ಅಂತ ಲೆಕ್ಕ ಹಾಕ್ಕಂಡು ಕೆಲವ್ರು ನೆಂಟರ ಮನೆಗೂ ಹೊರಟೋದ್ರು. ನಾನು ಆಮೇಲೆ ಬೇಕಾದಷ್ಟು ಎಂಜಿನ್ ಬಿಚ್ಚಿದೀನಿ. ಎಲ್ಲಾ ಕಡೆ ಇದೇ ಕತೆ. ಕೆಲಸ ಮಾಡೋನು ಒಂದು ಹೇಳ್ತಾನೆ, ಹೇಳೋನು ಒಂದು ಸೇರಿಸ್ತಾನೆ, ಕೇಳೋನು ಇನ್ನೊಂದು ಸೇರಿಸ್ಕತಾನೆ.

ಆಗ ಮುಂದಿನ ಸರದಿ ಕೆಂಪಕ್ಕಂದು. ಅವಳ ವಿಷಯ ಹೇಳ್ಲೇಬೇಕು. ಅವಳ ಗಂಡ ನಿಂಗಣ್ಣ ಮಿಲಿಟರಿಗೆ ಸೇರಿ ಲಾರಿ ಓಡಿಸೋಕೆ ಎಲ್ಲೋ ದೂರ ಹೋಗಿದ್ದ. ಗದ್ದೆ ನೋಡ್ಕಳೋರು ಯಾರು ಅಂದಾಗ ಗಂಡನ ಅಣ್ಣ ಬೋರಣ್ಣ, "ನಾನು ಮಾಡ್ತೀನಿ, ಅವ್ಳು ಮನೇಲಿರ್ಲಿ" ಅಂದ. ಕೆಂಪಕ್ಕ ಒಪ್ಪಲಿಲ್ಲ. ತಾನೇ ನಾಟಿ ಹಾಕ್ಸಿ, ತಾನೇ ನೀರು ಕಟ್ಟಿ, ನೀರಿಗೆ ಬೇರೆಯೋರ ಜೊತೆ ಜಗಳ ಕಾದು, ಕಬ್ಬು ಆಳುದ್ದ ಬೆಳೆಸಿದ್ಳು. ಬೋರಣ್ಣ ಊರ ಜಗಲಿ ಮೇಲೆ ನಾಕು ಜನದ ಮುಂದೆ ಹೇಳಿದ್ದ: "ಬೆಳೆಯೋದು ದೊಡ್ದಲ್ಲ. ಬೆಲ್ಲ ಇಳಿಸ್ಲಿ ನೋಡಾನ. ಈ ಸಲ ಕೆಡಿಸ್ಕಂಡ್ರೆ ಮುಂದಿನ್ ವರ್ಸದಿಂದ ಗದ್ದೆ ನಂದು." ಊರಿನ ಹಿರೀಕ್ರೂ ಸರಿ ಅಂದಿದ್ರು. ಅವಳೂ ಸರಿ ಅಂದಿದ್ಳು. ಸಿಟ್ಟಲ್ಲಿ.

ಎಂಜಿನ್ ಬಿಚ್ಚೋಕೆ ಶುರು ಮಾಡಿದ್ದು ಒಂದಿನ ಮಧ್ಯಾಹ್ನ. ಬೋಲ್ಟುಗಳೆಲ್ಲ ತುಕ್ಕು ಹಿಡ್ದು ಕಲ್ಲಾಗಿದ್ವು. ಸೀಮೆಎಣ್ಣೆ ಹಾಕಿ ನೆನೆಸೋಣ ಅಂದ್ರೆ ಸೀಮೆಎಣ್ಣೆ ರೇಷನ್ನು, ಇರೋದು ಲ್ಯಾಂಪಿಗೇ ಸಾಲ್ದು. ಹೊಂಗೆ ಎಣ್ಣೆ ಹಾಕಿ ಬಡಿದ್ವಿ. ಹಳೇ ತಲೇನ ಹುಲ್ಲಿನ ಹೊರೆ ಮೇಲೆ ದಬ್ಬಿ ಬೀಳಿಸಿದ್ವಿ, ಅದು ಹೆಂಗೂ ಗುಜರಿ. ಮಾರನೇ ದಿನ ಬಿಸಿಲು ಏರೋ ಹೊತ್ಗೆ ಪಿಸ್ಟನ್ ಹೊರಕ್ಕೆ ಬಂತು. ಅದ್ನ ತೊಡೆ ಮೇಲೆ ಮಗು ತರ ಹಾಕ್ಕಂಡು ಅದರ ಸುತ್ತ ಇರೋ ಕಬ್ಬಿಣದ ಬಳೆಗಳನ್ನ ಬಿಡಿಸ್ತಾ ಕುಂತಿದ್ದೆ. ಬೆಲ್ಟು ಗೋಡೆಗೆ ನೇತು ಹಾಕಿತ್ತು. ಉಳಿದ ಸಾಮಾನೆಲ್ಲ ಗೋಣಿತಾಟಿನ ಮೇಲೆ ಹರಡಿತ್ತು. ಇದ್ನ ಯಾಕೆ ಇಷ್ಟು ಬಿಡಿಸಿ ಹೇಳ್ತಾ ಇದೀನಿ ಅಂದ್ರೆ, ಆ ಹೊತ್ನಲ್ಲಿ ನಮ್ಮ ಎಂಜಿನ್ ಸದ್ದು ಮಾಡೋದು ಅಂದ್ರೆ, ಕುಯ್ದು ಹಂಚಿದ ಕುರಿ ಎದ್ದು ಬ್ಯಾ ಅಂದಂಗೆ.

ಮಧ್ಯಾಹ್ನ ಉಂಡು ಕೈ ತೊಳೀತಿದ್ವಿ. ರಸ್ತೆ ಕಡೆಯಿಂದ ಗಾಡಿ ಬರೋ ಸದ್ದಾಯ್ತು. ನೋಡಿದ್ರೆ ಕೆಂಪಕ್ಕನ ಗಾಡಿ, ತುಂಬಾ ಕಬ್ಬು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಇನ್ನೂ ಒಂದು. ಆಳುಗಳೆಲ್ಲ ತಲೆಗೆ ಟವಲ್ ಸುತ್ಕಂಡು ನಡ್ಕಂಡು ಬರ್ತಾವ್ರೆ. ಮುಂದೆ ಕೆಂಪಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಂಡಿನ ಮುಂದೆ ಬರೋ ಸುಬೇದಾರನ ಹಂಗೆ.

ಆಲೆಮನೆ ಬಾಗಿಲಿಗೆ ಬಂದು ಒಳಕ್ಕೆ ನೋಡಿದ್ಳು. ಗೋಣಿತಾಟು ನೋಡಿದ್ಳು. ನನ್ನ ನೋಡಿದ್ಳು.

"ಇದ್ಯಾಕ್ಲಾ ಮತ್ತೆ ಬಿಚ್ಚಿದ್ರಿ?"

"ಮತ್ತೆ ಬಿಚ್ಚಿದ್ವಾ? ನಿನ್ನೆಯಿಂದ ಬಿಚ್ತಾನೇ ಇದೀವಿ ಕಣಕ್ಕ. ನೀನ್ಯಾಕೆ ಕಬ್ಬು ಕಡ್ದೆ?"

"ಸದ್ದು ಬಂತಲ್ಲೋ! ಬೆಳಿಗ್ಗೆ ಬಿಸ್ಲೇರೋ ಹೊತ್ನಲ್ಲಿ! ಎಂಜಿನ್ ಓಡುಸ್ನಿಲ್ವಾ ನೀವು?"

ನಾನು ನಕ್ಕುಬುಟ್ಟೆ. "ರೈಲು ಕಣಕ್ಕ ಅದು."

ಅವಳು ನಗ್ನಿಲ್ಲ. "ದಿನಾ ಗದ್ದೆ ಪಕ್ಕದಲ್ಲೇ ಓಯ್ತದೆ ರೈಲು. ರೈಲಿನ ಸದ್ದು ನಂಗೆ ನೀನು ಏಳ್ಕೊಡ್ತೀಯೇನ್ಲಾ? ನಾನೊಬ್ಳೇ ಅಲ್ಲ, ಇವ್ರ್ನೆಲ್ಲ ಕೇಳು."

ಆಳುಗಳನ್ನ ಕೇಳಿದೆ. ಎಲ್ರೂ ಕೇಳಿಸ್ತು ಅಂದ್ರು. ತುಂಬಾ ಹೊತ್ತು ಓಡ್ತಾಯಿತ್ತಂತೆ. ಮೊದಲ ಸಾಲು ಕಡಿದು ಮುಗಿಯೋವರ್ಗೂ ಇತ್ತು, ಆಮೇಲೆ ನಿಂತೋಯ್ತು, ಉಣ್ಣೋಕೆ ನಿಲ್ಲಿಸಿರ್ಬೇಕು ಅಂದ್ಕಂಡೋ ಅಂದ್ರು. ಆಲೆಮನೆ ಪಕ್ಕದ ಮನೆಯೋರ್ನ ಕೇಳಿದ್ವಿ. ಅವರಿಗೆ ಏನೂ ಕೇಳಿರ್ನಿಲ್ಲ. ಒಲೆಗೆ ಕಬ್ಬಿನ ಸಿಪ್ಪೆ ಹಾಕೋನು, ಅಂಗಳದಲ್ಲೇ ಇದ್ದೋನು, ಅವನಿಗೂ ಇಲ್ಲ. ನಂಗಂತೂ ಇಲ್ವೇ ಇಲ್ಲ.

ಅಷ್ಟರಲ್ಲಿ ಬೋರಣ್ಣನೂ ಬಂದ. ಅವನ ಗದ್ದೆ ಅವಳ ಗದ್ದೆ ಬದೀಲೇ ಇರೋದು, ಗಾಡಿ ಹಿಂದೇನೇ ಬಂದಿದ್ದ. ಹಲ್ಲುಕಡ್ಡಿ ಕಚ್ಕಂಡು ಬಾಗಿಲಿಗೆ ಒರಗಿ ನಿಂತ.

"ನಿಂಗೆ ಕೇಳ್ತೇನಣ್ಣ?" ಅಂದೆ.

"ನಂಗ್ಯಾಕೆ ಕೇಳ್ತದೆ? ನನ್ ಕಿವಿ ನೆಟ್ಟಗದೆ."

"ಆಳುಗಳೂ ಕೇಳ್ತು ಅಂತಾವ್ರಲ್ಲ."

"ಕೂಲಿ ಸಿಗ್ತದೆ ಅಂದ್ರೆ ಅವ್ರ್ಗೆ ಆನೆ ಕೂಗಿದ್ದೂ ಕೇಳ್ತದೆ."

"ಮತ್ತೆ ಅವ್ಳು ಕಡಿಯೋವಾಗ ನೀನಾದ್ರೂ ಬ್ಯಾಡ ಅನ್ಬಾರ್ದಾ?"

"ನನ್ನ ಕೇಳಿ ಕಡೀತಾಳಾ ಅವ್ಳು? ದೊಡ್ಡ ಪಟೇಲಿ!"

ಕೆಂಪಕ್ಕನಿಗೆ ರೇಗೋಯ್ತು. "ಸದ್ದು ಎಂಗಿತ್ತು ಅಂತಾನೂ ಏಳ್ತೀನಿ, ಕೇಳ್ಕಳಿ ಬಾವಾ" ಅಂದು, ಎಲ್ಲರ ಮುಂದೆ ಬಾಯಲ್ಲೇ ಮಾಡಿ ತೋರಿಸಿದ್ಳು. "ಡುಮ್ ಡುಮ್ ಡುಮ್ ಡುಮ್... ಚುಯ್ಯ್. ಡುಮ್ ಡುಮ್ ಡುಮ್ ಡುಮ್... ಚುಯ್ಯ್. ಇಂಗಿತ್ತು."

ಎಲ್ರೂ ನಕ್ಕರು. ಬೋರಣ್ಣ ಹೊಟ್ಟೆ ಹಿಡ್ಕಂಡು ನಕ್ಕ. "ಸಿಳ್ಳೆ ಬೇರೆ ಒಡೀತಾ! ಕುಂಟೋ ಎಂಜಿನ್ನು ಕುಂಟೋದ್ ಬುಟ್ಟು ಸಿಳ್ಳೆ ಒಡೀತಂತೆ ಕಣ್ರೋ!" ನಾನೂ ನಕ್ಕೆ. ನಮ್ಮ ಎಂಜಿನ್ ಸದ್ದು ಹುಟ್ಟಿದ ಮಗೂಗೂ ಗೊತ್ತು. ಅದು ಏಟು ನುಂಗ್ಕಳದೆ ಓಡಿದ್ದೇ ಇಲ್ಲ, ಸಿಳ್ಳೆ ಅಂತೂ ಹೊಡ್ದೇ ಇಲ್ಲ. ಆಳುಗಳು ಮಾತ್ರ ನಗ್ನಿಲ್ಲ. ಅವರಲ್ಲೊಬ್ಬ ಮುದುಕ, "ಸಿಳ್ಳೆ ಇತ್ತು ಕಣಪ್ಪ" ಅಂದ.

ನಗು ನಿಂತ ಮೇಲೆ ಎಲ್ರಿಗೂ ಗೊತ್ತಾಯ್ತು, ಇದು ನಗೋ ವಿಷಯ ಅಲ್ಲ ಅಂತ. ಗಾಡಿಗಳಲ್ಲಿ ಕಬ್ಬು ಬಿಸಿಲಿಗೆ ಬೇಯ್ತಾಯಿತ್ತು. ಗದ್ದೇಲಿ ಇನ್ನೂ ಒಂದಷ್ಟು ಕಡಿದು ಬಿದ್ದಿತ್ತು. ಬೇರೆ ಗಾಣಕ್ಕೆ ಹೊಡ್ಕಂಡು ಹೋಗೋಣ ಅಂದ್ರೆ ಅವು ಎತ್ತಿನ ಗಾಣ, ಅಲ್ಲೂ ಸರದಿ, ಒಂದಿನದಲ್ಲಿ ಅಷ್ಟು ಕಬ್ಬು ಹಿಂಡೋಕೆ ಆಗೋದೂ ಇಲ್ಲ. ಸಕ್ಕರೆ ಕಾರ್ಖಾನೆಗೆ ಮೊದಲೇ ಒಪ್ಪಿದ ಕಬ್ಬಲ್ಲ. ಕೆಂಪಕ್ಕ ಗಾಡಿ ಮೂಕಿ ಹಿಡ್ಕಂಡು ನಿಂತಿದ್ಳು. ಅಳ್ನಿಲ್ಲ.

ನಂಗೆ ಏನನ್ನಿಸ್ತೋ, ಮೇಸ್ತ್ರೀನ ಬಿಡ್ನಿಲ್ಲ. "ಮೂರು ದಿನ ಅಂದ್ರಲ್ಲ, ಯಾವುದಕ್ಕೆ ಎಷ್ಟು, ಬಿಡಿಸಿ ಹೇಳಿ" ಅಂದೆ.

ಮೇಸ್ತ್ರಿ ಬೀಡಿ ಹಚ್ಕಂಡ್ರು. "ಒಳ್ಗೆ ಕಟ್ಟಿರೋ ಕರಿ ಕೆರೀಬೇಕು, ತಲೆ ಕೂರೋ ಪೀಠ ಉಜ್ಜಬೇಕು. ನಾನೂ ನೀನೂ ಇಬ್ರೇ. ಅದೇ ಒಂದಿನ ತಿಂತದೆ. ಒಸಾ ತಲೆ ಎತ್ತೋಕೆ ಸರಪಳಿ ರಾಟೆ ಬೇಕು, ಮದ್ದೂರಿನಿಂದ ಗಾಡೀಲಿ ಬರ್ಬೇಕು. ಅದೊಂದಿನ. ಕೂರ್ಸೋದು ಅರ್ಧ ದಿನ."

"ಇಬ್ರೇ ಅಂತ ಯಾಕಂತೀರಿ? ಆಚೆ ನೋಡಿ."

ಆಚೆ ಕೆಂಪಕ್ಕನ ಆಳುಗಳು ಕುಂತಿದ್ರು. ಹನ್ನೆರಡು ಜನ ಇರ್ಬೋದು, ಹೆಣ್ಣು ಗಂಡು ಸೇರಿ. ಕಡಿಯೋ ಕೆಲಸ ನಿಂತೋಗಿ, ಹೋಗೋದೋ ಇರೋದೋ ಗೊತ್ತಾಗದೆ ನೆರಳಲ್ಲಿ ಕುಂತಿದ್ರು.

ಮೇಸ್ತ್ರಿ ಅವರ ಕಡೆ ನೋಡಿದ್ರು, ಬೀಡಿ ಕಡೆ ನೋಡಿದ್ರು, ಬಿಸಾಕಿದ್ರು. "ನಡೀರಿ" ಅಂದ್ರು.

ಆ ಮಧ್ಯಾಹ್ನ ನಡೆದದ್ದು ನಾನು ಸಾಯೋವರ್ಗೂ ಮರೆಯಲ್ಲ. ಹೆಂಗಸರು ಬೂದಿ, ತೆಂಗಿನ ನಾರು ತಕ್ಕಂಡು ಬಂದು ಎಂಜಿನ್ನಿನ ಪೀಠ ಉಜ್ಜೋಕೆ ಕುಂತ್ರು. ಹಬ್ಬದ ಹಿಂದಿನ ದಿನ ಹಂಡೆ ಉಜ್ತಾರಲ್ಲ, ಹಂಗೆ. "ಇದ್ಯಾವ ಸೊಸೆ ಬುಟ್ಟೋಗಿರೋ ಪಾತ್ರೆಯವ್ವ, ಹುಟ್ಟಿದಾಗಿಂದ ನೀರ್ ಕಂಡಿಲ್ಲ" ಅಂತ ಒಬ್ಳು. "ನಿನ್ ಗಂಡನ್ ಬೆನ್ನಿಗಿಂತ ವಾಸಿ ಬುಡು" ಅಂತ ಇನ್ನೊಬ್ಳು. ಗಂಡಸರು ಮಚ್ಚಿನ ಹಿಂಬದೀಲಿ ಒಳಗಿನ ಕರಿ ಕೆರೆದ್ರು. ಮೇಸ್ತ್ರಿ ಪ್ರತಿಯೊಬ್ರ ಹಿಂದೆ ನಿಂತು, "ಮೆತ್ಗೆ, ಗೀರ್ ಬೀಳ್ಬಾರ್ದು, ಮೆತ್ಗೆ" ಅಂತ ಕೂಗೋರು. ಅವರು ಅಷ್ಟು ಮಾತಾಡಿದ್ದು ನಾನು ಅವತ್ತೇ ಕೇಳಿದ್ದು. ಬೋರಣ್ಣ ಮಾತ್ರ ಒಂದು ಕೈ ಹಾಕ್ನಿಲ್ಲ. ಕಟ್ಟೆ ಮೇಲೆ ಕುಂತು ನೋಡ್ತಾ, "ಎಂಗಸ್ರು ಉಜ್ಜಿದ್ ಎಂಜಿನ್ನು ಓಡಲ್ಲ, ಮುಸುರೆ ಕುಡೀತದೆ" ಅನ್ನೋನು.

ಕತ್ತಲಾಗೋ ಹೊತ್ಗೆ ಕೆರೆಯೋದು ಮುಗೀತು. ದೀಪ ಹಚ್ಚೋಹಂಗಿರ್ನಿಲ್ಲ, ಸೀಮೆಎಣ್ಣೆ ಉಳಿಸ್ಕಬೇಕಿತ್ತು. ಕೆಂಪಕ್ಕ ಕಬ್ಬಿನ ಮೇಲೆಲ್ಲ ತರಗು ಮುಚ್ಚಿಸಿ, ನೀರು ಚಿಮುಕಿಸಿ ಅಲ್ಲೇ ಇದ್ಳು. ನಾವೆಲ್ಲ ಮನೆಗೆ ಹೋದ್ವಿ.

ಬೆಳಕು ಹರಿಯೋದ್ರೊಳಗೆ ಎಲ್ರೂ ವಾಪಸ್ ಬಂದಿದ್ರು. ಕೂಲಿ ಎಷ್ಟು ಅಂತ ಯಾರೂ ಕೇಳ್ನಿಲ್ಲ. ಪಿಸ್ಟನ್ ಸಲೀಸಾಗಿ ಕುಂತ್ಕಂತು. ಹೊಸ ತಲೆ ಎತ್ತೋದೇ ಕಷ್ಟ ಇದ್ದದ್ದು. ಅದ್ನ ಬೀಳಿಸಿದ್ರೆ ಮುಗೀತು, ಯುದ್ಧ ಮುಗಿಯೋವರ್ಗೂ ಇನ್ನೊಂದು ಬರಲ್ಲ. ಗಾಡಿ ಹಗ್ಗ ಬಿಚ್ಚಿ ತಲೆಗೆ ಬಿಗಿದ್ವಿ, ಎರಡು ಬಿದಿರು ಬೊಂಬು ತೂರಿಸಿದ್ವಿ, ಬೊಂಬಿಗೆ ಆಳುಗಳು ಹೆಗಲು ಕೊಟ್ರು. ಪಲ್ಲಕ್ಕಿ ಎತ್ತಿದಂಗೆ. ಮೇಸ್ತ್ರಿ "ಹ್ಞೂ" ಅಂದ್ರೆ ಒಂದು ಹೆಜ್ಜೆ, "ತಡಿ" ಅಂದ್ರೆ ನಿಲ್ಲೋದು. ಬೊಂಬು ಕಿರ್ರ್ ಅಂತು. ಒಬ್ಬನ ಕಾಲು ಎಣ್ಣೆ ಮೇಲೆ ಜಾರ್ತು. ಬೊಂಬು ವಾಲ್ತು. ಕೆಂಪಕ್ಕ ಎಲ್ಲಿದ್ಳೋ, ಬಂದು ಆ ತುದೀಗೆ ಹೆಗಲು ಕೊಟ್ಟು ನಿಂತ್ಳು. ಅವಳ ಕಾಲು ಜಾರ್ನಿಲ್ಲ. ತಲೆ ಬೋಲ್ಟುಗಳ ಮೇಲೆ ಹೋಗಿ, ಅಳತೆ ಮಾಡಿ ಹೊಲಿದ ಅಂಗಿ ತರ ಕುಂತ್ಕಂತು.

ಮೇಸ್ತ್ರಿ ಹಣೆ ಒರೆಸ್ಕಂಡ್ರು. "ರಾಟೆ ತರೋಕೆ ಓಗಿದ್ರೆ ಇನ್ನೂ ದಾರೀಲೇ ಇರ್ತಿದ್ವಿ" ಅಂದ್ರು.

ಮಧ್ಯಾಹ್ನಕ್ಕೆ ಮುಂಚೇನೇ ಲ್ಯಾಂಪು ಹಚ್ಚಿದ್ವಿ. ಇದ್ದದ್ದೇ ಒಂದು ಸಲಕ್ಕೆ ಆಗೋವಷ್ಟು ಸೀಮೆಎಣ್ಣೆ. ತಲೆ ನಿಧಾನಕ್ಕೆ ಕಾದು ಕೆಂಪಗಾಯ್ತು. ಗೌಡ್ರು ಕಾಯಿ ಒಡೆದ್ರು. ನಾನೂ ಇನ್ನೊಬ್ನೂ ಚಕ್ರ ಹಿಡಿದು ತಿರುಗಿಸಿದ್ವಿ. ಬುಸ್ ಅಂತು. ನಿಂತೋಯ್ತು. ಬೋರಣ್ಣ ಕಟ್ಟೆ ಮೇಲಿಂದ ಕೆಮ್ಮಿದ. ಮತ್ತೆ ತಿರುಗಿಸಿದ್ವಿ. ಕರೀ ಹೊಗೆ ಉಗುಳಿ, ನನ್ನ ಮುಖ ಎಲ್ಲಾ ಮಸಿ ಮಾಡಿ ನಿಂತೋಯ್ತು. ಲ್ಯಾಂಪು ಆರ್ತಾ ಬಂದಿತ್ತು. ಮೇಸ್ತ್ರಿ ತಾವೇ ಬಂದು ಚಕ್ರಕ್ಕೆ ಕೈ ಹಾಕಿದ್ರು. ಮೂರೂ ಜನ ಉಸಿರು ಬಿಗಿ ಹಿಡ್ದು ಎಳೆದ್ವಿ.

ಹತ್ಕಂತು.

ಹೆಂಗೆ ಹತ್ಕಂತು ಅಂತೀರಾ! ನೆಲ ನಡುಗ್ತು. ಹೆಂಚಿನ ಮೇಲಿದ್ದ ಪಾರಿವಾಳ ಎಲ್ಲಾ ಎದ್ದೋದ್ವು. ಜನ ಹೋ ಅಂತ ಕೂಗಿದ್ರು. ಹೆಂಗಸರು ಒಬ್ಬರನ್ನೊಬ್ಬರು ತಬ್ಕಂಡ್ರು. ನಾನೂ ಕೂಗ್ದೆ. ನನ್ನ ಎರಡು ದಿನದ ಮಾತು ಗೆದ್ದಿತ್ತು. ಅದೂ ಮದ್ದೂರು ಮೇಸ್ತ್ರಿ ಎದುರು.

ಆಮೇಲೆ ಕೂಗಾಟ ಇದ್ದಕ್ಕಿದ್ದಂಗೆ ಕಮ್ಮಿ ಆಯ್ತು. ಯಾಕೆ ಅಂತ ನಂಗೆ ಮೊದಲು ಗೊತ್ತಾಗ್ನಿಲ್ಲ. ಎಲ್ರೂ ಕೆಂಪಕ್ಕನ ಕಡೆ ನೋಡ್ತಿದ್ರು. ಆಗ ನನ್ನ ಕಿವಿಗೂ ಬಿತ್ತು.

ಡುಮ್ ಡುಮ್ ಡುಮ್ ಡುಮ್... ಚುಯ್ಯ್. ಡುಮ್ ಡುಮ್ ಡುಮ್ ಡುಮ್... ಚುಯ್ಯ್.

ಕುಂಟು ಇಲ್ಲ. ನುಂಗೋದು ಇಲ್ಲ. ನಾಕು ಏಟಿಗೊಂದು ಸಿಳ್ಳೆ. ಅವಳು ಹಿಂದಿನ ದಿನ ಬಾಯಲ್ಲಿ ಮಾಡಿ ತೋರಿಸಿದ್ದೇ. ಒಂಚೂರೂ ಬೇರೆ ಅಲ್ಲ. ಸುಳ್ಳು ಹೇಳಲ್ಲ, ಚಕ್ರದ ಹತ್ರದಿಂದ ಎರಡು ಹೆಜ್ಜೆ ಹಿಂದಕ್ಕೆ ಹೋದೆ. ಹೊಸ ತಲೆ ಹೆಂಗೆ ಸದ್ದು ಮಾಡ್ತದೆ ಅಂತ ಆ ಜಾಗದಲ್ಲಿ ಯಾರಿಗೂ ಗೊತ್ತಿರ್ನಿಲ್ಲ. ಮೇಸ್ತ್ರಿಗೇ ಗೊತ್ತಿರ್ನಿಲ್ಲ, ಆಮೇಲೆ ನಾನು ಅವರನ್ನ ಬಾಯಿಬಿಟ್ಟು ಕೇಳ್ದೆ. ಅವರು ತಲೆ ಅಲ್ಲಾಡಿಸಿ, ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದ್ರು.

ಕೆಂಪಕ್ಕ ಒಬ್ಳಿಗೇ ಆಶ್ಚರ್ಯ ಆಗಿರ್ನಿಲ್ಲ. "ನಾನು ಏಳ್ನಿಲ್ವಾ?" ಅಂದ್ಳು. "ಏನ್ ಬಾಯಿ ಬುಟ್ಕಂಡ್ ನಿಂತಿದ್ದೀರಿ, ಕಬ್ಬು ತನ್ನಿ!"

ತಂದ್ರು. ಗಾಣ ಆ ತರ ತಿರುಗಿದ್ದು ನಾನು ಕಂಡೇ ಇರ್ನಿಲ್ಲ. ಹಾಲು ಧಾರೆಯಾಗಿ ಬಿತ್ತು. ಒಂದು ಲೋಟ ಹಿಡಿದು ಕುಡಿದು ನೋಡಿದ್ವಿ, ಹುಳಿ ಇರ್ನಿಲ್ಲ. ಕೊಪ್ಪರಿಗೆಗೆ ಬಿತ್ತು, ಒಲೆ ಹತ್ತಿತು, ನೊರೆ ಎದ್ದಿತು. ಪಾಕ ನೋಡೋ ಅಜ್ಜ ಸೌಟಿನ ತುದೀಲಿ ಒಂದು ಹನಿ ತೆಗೆದು ನೀರಿಗೆ ಬಿಟ್ಟ. ಎಲ್ರೂ ಆ ನೀರಿನ ಬೋಗುಣಿ ಮೇಲೆ ಬಗ್ಗಿದ್ರು. ಹನಿ ಕರಗ್ನಿಲ್ಲ. ಅಜ್ಜ ಅದ್ನ ಬೆರಳಲ್ಲಿ ತೆಗೆದು, ಉಂಡೆ ಮಾಡಿ, ಬೋಗುಣಿ ಅಂಚಿಗೆ ಹೊಡೆದ. ಟಣ್ ಅಂತು.

"ಇಳ್ಸಿ!" ಅಂದ.

ಅಚ್ಚಿಂದ ಬಿಡಿಸಿದ ಬೆಲ್ಲ ಕೈಗೆ ಅಂಟ್ನಿಲ್ಲ. ಬಣ್ಣ ಹೇಳಬೇಕು ಅಂದ್ರೆ, ಹದವಾಗಿ ಕಾದ ತುಪ್ಪ ನೋಡಿದೀರಲ್ಲ, ಅದು. ಗೌಡ್ರು ಒಂದು ಅಚ್ಚು ಎತ್ತಿ ಎಲ್ರಿಗೂ ತೋರಿಸಿ, "ಈ ಸುಗ್ಗೀಲಿ ಇಂತದ್ದು ಬಂದಿಲ್ಲ" ಅಂದ್ರು. ಕೆಂಪಕ್ಕ ಮೊದಲ ಅಚ್ಚು ದೇವ್ರಿಗೆ ಅಂತ ಎತ್ತಿಟ್ಳು. ಎರಡನೇದು ಒಡೆದು ಆಳುಗಳಿಗೆಲ್ಲ ಹಂಚಿದ್ಳು. ಮೂರನೇದು ಕೈಲಿ ಹಿಡ್ಕಂಡು ನೆಟ್ಟಗೆ ಕಟ್ಟೆ ಹತ್ರ ಹೋದ್ಳು.

"ತಕ್ಕಳಿ ಬಾವಾ. ಮುಸುರೆ ಕುಡ್ದು ಇಳ್ಸಿದ್ ಬೆಲ್ಲ. ತಿಂದ್ ನೋಡಿ."

ಊರೆಲ್ಲ ನೋಡ್ತಾಯಿತ್ತು. ಬೋರಣ್ಣ ತಕ್ಕಂಡ. ತಿಂದ. "ಚೆನ್ನಾಗದೆ" ಅಂದ. ಟವಲ್ ಕೊಡವಿ ಎದ್ದೋದ. ಗದ್ದೆ ಮಾತು ಆಮೇಲೆ ಯಾವತ್ತೂ ಎತ್ನಿಲ್ಲ. ಕೆಂಪಕ್ಕ ಅಂದಿನಿಂದ ಇವತ್ತಿನವರ್ಗೂ ತಾನೇ ಬೇಸಾಯ ಮಾಡ್ತಾವ್ಳೆ. ನಿಂಗಣ್ಣ ಯುದ್ಧ ಮುಗಿಸ್ಕಂಡು ಬಂದ ಮೇಲೂ ಅವಳೇ. ಅವನು ಗಾಡಿ ಹೊಡೀತಾನೆ.

ಆ ಸಿಳ್ಳೆ ಒಂದು ವಾರ ಇರ್ಬೋದು, ಆಮೇಲೆ ತಾನೇ ನಿಂತೋಯ್ತು. ಹೊಸ ತಲೆ ಇನ್ನೂ ಹೊಂದ್ಕಂಡಿರ್ನಿಲ್ಲ, ಎಲ್ಲೋ ಸಂದೀಲಿ ಗಾಳಿ ನುಗ್ತಿತ್ತು, ಅದ್ಕೇ ಸಿಳ್ಳೆ ಅಂತ ಮೇಸ್ತ್ರಿ ಹೇಳಿದ್ರು. ಸರಿ. ಸಿಳ್ಳೆ ಯಾಕೆ ಬಂತು ಅಂತ ಗೊತ್ತಾಯ್ತು. ಬರೋಕೆ ಒಂದಿನ ಮುಂಚೆ ಯಾಕೆ ಕೇಳಿಸ್ತು ಅಂತ ಯಾರೂ ಹೇಳ್ನಿಲ್ಲ. ಅವಳು ಸುಮ್ನೆ ಬಾಯಿಗೆ ಬಂದದ್ದು ಮಾಡಿದ್ಳು, ಅದು ಹೆಂಗೋ ಕೂಡ್ಕಂತು ಅಂತ ಎಷ್ಟೋ ಸಲ ನಂಗೆ ನಾನೇ ಹೇಳ್ಕಂಡಿದೀನಿ. ಆ ಮುದುಕ ಆಳು, "ಸಿಳ್ಳೆ ಇತ್ತು ಕಣಪ್ಪ" ಅಂದದ್ದು ನೆನಪಾಗ್ತದೆ. ಅಲ್ಲಿಗೆ ನಿಲ್ತೀನಿ.

ಹೋದ ಸುಗ್ಗೀಲಿ ಬೋರಣ್ಣ ಬೆಲ್ಲ ತಕ್ಕಂಡು ಹೋಗೋಕೆ ಆಲೆಮನೆಗೆ ಬಂದಿದ್ದ. ಈಗ ಮೈಯಲ್ಲಿ ಸ್ವಲ್ಪ ಬಡವಾಗವ್ನೆ. ಕಬ್ಬಿನ ಹಾಲು ಕೊಟ್ಟೆ. ಇಬ್ರೇ ಕುಂತಿದ್ವಿ. ನಾನು ಕೇಳ್ದೇನೇ ಅವನೇ ಹೇಳಿದ.

"ಅವತ್ತು ನಂಗೂ ಕೇಳ್ತು ಕಣ್ಲಾ."

"ಏನು?"

"ಸದ್ದು. ಸಿಳ್ಳೆ ಸಮೇತ. ಬದು ಮೇಲೆ ನಿಂತಿದ್ದೆ. ಚೆನ್ನಾಗೇ ಕೇಳ್ತು."

ನಂಗೆ ಸಿಟ್ಟು ಬಂತು. "ಮತ್ಯಾಕೆ ಕೇಳ್ಲಿಲ್ಲ ಅಂದೆ? ಎಲ್ಲರ ಮುಂದೆ ಅವಳ್ನ ತಿಕ್ಲಿ ಮಾಡ್ದಲ್ಲ?"

"ಇಲ್ಲಿಗೆ ಬಂದು ನೋಡಿದ್ರೆ ನೀವು ಎಂಜಿನ್ ಅರವ್ಕಂಡು ಕುಂತಿದ್ರಿ. ನಂಗೂ ಕೇಳ್ತು ಅಂದಿದ್ರೆ ಅವ್ಳು ಗೆದ್ದಂಗೆ ಆಯ್ತಿತ್ತು. ಎಂಗೂ ಬೆಲ್ಲ ಕೆಡ್ತದೆ ಅಂದ್ಕಂಡು ಸುಮ್ಕಾದೆ." ಲೋಟ ಖಾಲಿ ಮಾಡಿ ಕೆಳಗಿಟ್ಟ. "ಕೆಡ್ನಿಲ್ಲ."

ನನ್ನ ತಲೇಲಿ ಇದ್ದದ್ದು ಒಂದೇ. ಮೈಲಿ ದೂರದಲ್ಲಿದ್ದ ಇಷ್ಟು ಜನಕ್ಕೆ ಕೇಳಿದ್ದು, ಎಂಜಿನ್ನಿನ ಪಿಸ್ಟನ್ ತೊಡೆ ಮೇಲೆ ಇಟ್ಕಂಡು ಕುಂತಿದ್ದ ನಂಗೆ ಯಾಕೆ ಕೇಳ್ನಿಲ್ಲ? ಅದನ್ನೇ ಅವನನ್ನ ಕೇಳ್ದೆ.

ಬೋರಣ್ಣ ಬೆಲ್ಲದ ಗಂಟು ಹೆಗಲಿಗೆ ಹಾಕ್ಕಂಡು ಎದ್ದ. ನನ್ನ ಕಡೆ, ದಡ್ಡನ್ನ ನೋಡ್ದಂಗೆ ನೋಡಿದ.

"ನಿಂಗ್ಯಾಕ್ಲಾ ಕೇಳ್ಬೇಕು?" ಅಂದ. "ನೀನೇನು ಕಬ್ಬು ಕಡಿಯೋನಾ?"